ಕಿಟಕಿಯಲ್ಲಿ ಕಾಣುವ ಸರ್ವರ್ ಫೋಲ್ಡರ್ ಟರ್ಮಿನಲ್‌ನಲ್ಲಿ ಎಲ್ಲಿದೆ?

ಪ್ರಶ್ನೆ: ಸರ್, ನಾನು ಉಬುಂಟು ಬಳಸುತ್ತೇನೆ. ಫೈಲ್ ಮ್ಯಾನೇಜರ್‌ನಲ್ಲಿ ಎಸ್‌ಎಫ್‌ಟಿಪಿ (ದೂರದ ಯಂತ್ರದ ಫೈಲ್‌ಗಳನ್ನು ಸುರಕ್ಷಿತವಾಗಿ ತಲುಪುವ ವಿಧಾನ) ವಿಳಾಸ ಕೊಟ್ಟರೆ ಆಫೀಸಿನ ಸರ್ವರ್ ಚೆನ್ನಾಗಿ ತೆರೆದುಕೊಳ್ಳುತ್ತದೆ. ಅದೇ ಫೋಲ್ಡರಿಗೆ ಟರ್ಮಿನಲ್‌ನಿಂದ ಹೋಗಲು ದಾರಿಯೇ ಸಿಗುತ್ತಿಲ್ಲ. ಹೊರಗಿನ ಡಿಸ್ಕ್‌ಗಳು ಸಾಮಾನ್ಯವಾಗಿ ಕಾಣುವ ಮೀಡಿಯಾ, ಎಂಎನ್‌ಟಿ ಫೋಲ್ಡರುಗಳು ಎರಡೂ ಖಾಲಿ. ಸುಡೊ ಹಾಕಿ, ಅಂದರೆ ರೂಟ್ (ಯಂತ್ರದ ಮುಖ್ಯ ಆಡಳಿತಗಾರ) ಅಧಿಕಾರದಲ್ಲಿ, ಫೈಲ್ ಹುಡುಕುವ ಫೈಂಡ್ ಓಡಿಸಿದರೂ ಸಿಗಲಿಲ್ಲ. ಅದು ಎಲ್ಲಿರುತ್ತದೆ?

ಉತ್ತರ: ಫೈಂಡ್ ಕಮಾಂಡ್ ಉಗುಳಿದ ಸಾಲುಗಳಲ್ಲೇ ಉತ್ತರ ಇದ್ದಿರಬೇಕು. ಜಿವಿಎಫ್‌ಎಸ್ ಎಂದು ಕೊನೆಯಾಗುವ ಒಂದು ದಾರಿ, ಅದರ ಮುಂದೆ ‘ಪರ್ಮಿಷನ್ ಡಿನೈಡ್’ ಎಂಬ ದೂರು. ನೀವು ಹುಡುಕುತ್ತಿರುವ ಜಾಗ ಅದೇ. ಫೈಲ್ ಮ್ಯಾನೇಜರ್ ತೆರೆದ ಸರ್ವರನ್ನು ಫೋಲ್ಡರಿನಂತೆ ತೋರಿಸುವ ವ್ಯವಸ್ಥೆಯ ಹೆಸರೇ ಜಿವಿಎಫ್‌ಎಸ್.

ದಾರಿ ಹೀಗಿದೆ: /ರನ್/ಯೂಸರ್/1000/ಜಿವಿಎಫ್‌ಎಸ್. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳೇ ಇರಲಿ. 1000 ಎಂಬುದು ನಿಮ್ಮ ಯೂಸರ್ ಐಡಿ. ಉಬುಂಟುವಿನಲ್ಲಿ ಮೊದಲು ಸೃಷ್ಟಿಯಾದ ಬಳಕೆದಾರರಿಗೆ ಸಾಮಾನ್ಯವಾಗಿ ಇದೇ ಸಂಖ್ಯೆ. ನಿಮ್ಮದು ಬೇರೆಯೇ ಎಂದು ನೋಡಲು ಐಡಿ ಕಮಾಂಡಿಗೆ ಹೈಫನ್ ಯು ಸೇರಿಸಿ. ಒಳಗೆ ‘ಎಸ್‌ಎಫ್‌ಟಿಪಿ’ ಎಂದು ಶುರುವಾಗಿ ಕೋಲನ್, ಸಮ ಚಿಹ್ನೆ, ಕಾಮಾ ಎಲ್ಲ ಸೇರಿದ ಉದ್ದ ಹೆಸರಿನ ಫೋಲ್ಡರ್ ಕಾಣುತ್ತದೆ. ಆ ಹೆಸರನ್ನು ಕೈಯಿಂದ ಬರೆಯುವ ಕಷ್ಟ ಬೇಡ. ಮೊದಲು ಒಂದು ಉದ್ಧರಣ ಚಿಹ್ನೆ ಹಾಕಿ, ಎರಡಕ್ಷರ ಕೊಟ್ಟು ಟ್ಯಾಬ್ ಒತ್ತಿ. ಜಿವಿಎಫ್‌ಎಸ್ ಫೋಲ್ಡರ್ ಪೂರ್ತಿ ಖಾಲಿಯಿದ್ದರೆ ಜಿವಿಎಫ್‌ಎಸ್-ಫ್ಯೂಸ್ ಪ್ಯಾಕೇಜ್ ಇದೆಯೇ ನೋಡಿಕೊಳ್ಳಿ.

ಇನ್ನು ಸುಡೊ ವಿಷಯ. ರೂಟ್‌ಗೆ ಎಲ್ಲ ಬಾಗಿಲೂ ತೆರೆದಿರುತ್ತವೆ ಎಂದು ನಾವೆಲ್ಲ ಕಲಿತಿದ್ದೇವೆ. ಇಲ್ಲಿ ಮಾತ್ರ ಹಾಗಲ್ಲ. ಜಿವಿಎಫ್‌ಎಸ್ ಈ ಫೋಲ್ಡರನ್ನು ಜೋಡಿಸುವುದು (ಮೌಂಟ್ ಮಾಡುವುದು) ಫ್ಯೂಸ್ ಮೂಲಕ, ಅಂದರೆ ಸಾಮಾನ್ಯ ಪ್ರೋಗ್ರಾಂಗೂ ಫೈಲ್ ಸಿಸ್ಟಮ್ ನಡೆಸಲು ಬಿಡುವ ವ್ಯವಸ್ಥೆಯ ಮೂಲಕ. ಹಾಗೆ ಮೌಂಟ್ ಆದ ಫೋಲ್ಡರನ್ನು ಕರ್ನಲ್ (ಲಿನಕ್ಸಿನ ತಿರುಳು) ತೋರಿಸುವುದು ಸಾಮಾನ್ಯವಾಗಿ ಮೌಂಟ್ ಮಾಡಿದವರಿಗೆ ಮಾತ್ರ. ಕಾರಣವಿದೆ: ಆ ಫೈಲ್ ಸಿಸ್ಟಮ್ ನಡೆಸುವುದು ಒಬ್ಬ ಸಾಮಾನ್ಯ ಬಳಕೆದಾರರ ಪ್ರೋಗ್ರಾಂ. ಅದು ಮುಗಿಯದ ಫೈಲ್ ಕೊಟ್ಟೋ, ಉತ್ತರವನ್ನೇ ಕೊಡದೆಯೋ, ಒಳಗೆ ಇಣುಕಿದ ಬೇರೆಯವರ ಪ್ರೋಗ್ರಾಮನ್ನು ಸಿಕ್ಕಿಸಿ ಹಾಕಬಹುದು. ಹಾಗಾಗಿ ಸುಡೊ ಬಿಟ್ಟು ನಿಮ್ಮ ಹೆಸರಿನಲ್ಲೇ ಹೋಗಿ.

ಒಂದೆರಡು ಫೈಲ್ ನಕಲು ಮಾಡಲು ಇಷ್ಟು ಸಾಕು. ದಿನವೂ ಟರ್ಮಿನಲ್‌ನಲ್ಲೇ ಕೆಲಸವಿದ್ದರೆ ಈ ದಾರಿಯನ್ನು ನೆಚ್ಚಿಕೊಳ್ಳಬೇಡಿ. ಲಾಗ್ಔಟ್ ಆದರೆ ಅದು ಮಾಯ, ಆಗ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೂ ಸಿಗದು. ನನ್ನ ಆಯ್ಕೆ ಎಸ್‌ಎಸ್‌ಎಚ್‌ಎಫ್‌ಎಸ್, ಸರ್ವರಿನ ಫೋಲ್ಡರನ್ನು ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ) ಮೂಲಕ ಮೌಂಟ್ ಮಾಡುವ ಕಮಾಂಡ್. ಮನೆ ಡೈರೆಕ್ಟರಿಯಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ, ಆ ಕಮಾಂಡಿಗೆ ಸರ್ವರಿನ ದಾರಿ ಮತ್ತು ಈ ಫೋಲ್ಡರಿನ ಹೆಸರು ಕೊಟ್ಟರೆ ಆಯಿತು. ಚಿಕ್ಕ ಹೆಸರು, ನೀವೇ ಇಟ್ಟದ್ದು. ರೀಕನೆಕ್ಟ್ ಆಯ್ಕೆಯನ್ನೂ ಸೇರಿಸಿ, ನೆಟ್ ಕಡಿದು ಬಂದಾಗ ಉಪಯೋಗಕ್ಕೆ ಬರುತ್ತದೆ. ಬಿಚ್ಚಲು ಫ್ಯೂಸರ್‌ಮೌಂಟ್, ಹೈಫನ್ ಯು.

ಆದರೆ ಮೌಂಟ್ ಆಗಿದೆ ಎಂದಮಾತ್ರಕ್ಕೆ ಎಲ್ಲವನ್ನೂ ಅದರ ಮೂಲಕವೇ ಮಾಡಬೇಡಿ. ನೂರಾರು ಲಾಗ್ ಫೈಲ್‌ಗಳಲ್ಲಿ ಪದ ಹುಡುಕುವ ಗ್ರೆಪ್ ಓಡಿಸಿದರೆ ಪ್ರತಿಯೊಂದು ಫೈಲೂ ನೆಟ್‌ವರ್ಕ್ ದಾಟಿ ನಿಮ್ಮ ಯಂತ್ರಕ್ಕೆ ಬರಬೇಕು. ಅದೇ ಗ್ರೆಪ್ಪನ್ನು ಎಸ್‌ಎಸ್‌ಎಚ್ ಮೂಲಕ ಸರ್ವರಿನಲ್ಲೇ ಓಡಿಸಿದರೆ ಬರುವುದು ಸಿಕ್ಕ ಸಾಲುಗಳು ಮಾತ್ರ. ಎರಡು ಕಡೆಯ ಫೈಲ್‌ಗಳನ್ನು ಒಂದೇ ತರ ಇಡುವ ಆರ್‌ಸಿಂಕ್ ಕೂಡ ಹಾಗೆಯೇ. ಮೌಂಟ್ ಆದ ಫೋಲ್ಡರ್ ಕೊಟ್ಟರೆ ಎರಡೂ ಕಡೆ ಇದೇ ಯಂತ್ರ ಎಂದುಕೊಂಡು, ಬದಲಾದ ಫೈಲನ್ನು ಇಡಿಯಾಗಿ ಸಾಗಿಸುತ್ತದೆ. ಸರ್ವರ್ ವಿಳಾಸವನ್ನೇ ನೇರವಾಗಿ ಕೊಟ್ಟರೆ ಬದಲಾದ ಭಾಗ ಮಾತ್ರ ಹೋಗುತ್ತದೆ.

ಸ್ಕ್ರಿಪ್ಟ್ ಬರೆಯುವವರಿದ್ದರೆ ಇನ್ನೊಂದು ಮಾತು. ಒಮ್ಮೆ ರಾತ್ರಿ ಬ್ಯಾಕಪ್ ಓಡುವ ಹೊತ್ತಿಗೆ ನನ್ನ ಸರ್ವರ್ ಮೌಂಟ್ ಆಗಿರಲೇ ಇಲ್ಲ. ಖಾಲಿ ಫೋಲ್ಡರ್ ಇತ್ತಲ್ಲ, ಸ್ಕ್ರಿಪ್ಟ್ ಯಾವ ದೂರೂ ಇಲ್ಲದೆ ಅದರೊಳಗೇ ಬರೆಯಿತು. ಬೆಳಗ್ಗೆ ನೋಡಿದರೆ ಸರ್ವರಿನಲ್ಲಿ ಏನೂ ಇಲ್ಲ, ನನ್ನ ಡಿಸ್ಕ್ ಪೂರ್ತಿ ತುಂಬಿದೆ. ಅಂದಿನಿಂದ ನನ್ನ ಸ್ಕ್ರಿಪ್ಟ್‌ಗಳ ಮೊದಲ ಸಾಲೇ ಮೌಂಟ್‌ಪಾಯಿಂಟ್ ಕಮಾಂಡ್. ಫೋಲ್ಡರಿನ ಹೆಸರು ಕೊಟ್ಟರೆ ಅದು ಮೌಂಟ್ ಆಗಿದೆಯೋ ಇಲ್ಲವೋ ಹೇಳುತ್ತದೆ. ಇಲ್ಲ ಎಂದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ.