ಮುಚ್ಚಿಹೋದ ಫ್ಯಾಕ್ಟರಿ ಮೇಲೆ ಕ್ಲೇಮ್ ಹಾಕಬಹುದಾ?

ನಿಮ್ಮ ಮಾವ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರೆಸ್ ಶಾಪ್‌ನ (ಯಂತ್ರದಲ್ಲಿ ಲೋಹದ ತಗಡು ಒತ್ತೋ ಜಾಗ) ಜೋರು ಸದ್ದಿನಲ್ಲಿ ದುಡಿದವರು, ಈಗ ಕಿವಿ ಮಂದ, ಕಂಪನಿಯೂ ಮುಚ್ಚಿದೆ ಅಂದಿರಿ. ಆದರೂ ದಾರಿ ಇದೆ. ಪರಿಹಾರ ಕೊಡೋದು ಸಾಮಾನ್ಯವಾಗಿ ಆಗ ಆ ಫ್ಯಾಕ್ಟರಿಗೆ ವಿಮೆ ಕೊಟ್ಟಿದ್ದ ಇನ್ಶೂರೆನ್ಸ್ ಕಂಪನಿ. ಅದನ್ನು ಹುಡುಕೋಕೆ ಎಂಪ್ಲಾಯರ್ಸ್ ಲಯಬಿಲಿಟಿ ಟ್ರೇಸಿಂಗ್ ಆಫೀಸ್ ಇದೆ.

ನಿಜವಾದ ತಲೆನೋವು ಕೋರ್ಟಲ್ಲಿ ಕೇಸ್ ಹಾಕೋಕೆ ಇರೋ 3 ವರ್ಷದ ಗಡುವು. ಅದು ಕೆಲಸ ಬಿಟ್ಟ ದಿನದಿಂದಲ್ಲ, ಕಿವಿ ಹಾಳಾಗಿದ್ದು ಆ ಸದ್ದಿನಿಂದ ಅಂತ ಗೊತ್ತಾದ, ಅಥವಾ ಗೊತ್ತಾಗಬೇಕಿದ್ದ, ದಿನದಿಂದ ಶುರು. ಜಿಪಿ (ಅಲ್ಲಿನ ಫ್ಯಾಮಿಲಿ ಡಾಕ್ಟರ್) ದಾಖಲೆಯಲ್ಲಿ ಇದರ ಮಾತು ಮೊದಲು ಯಾವಾಗ ಬಂದಿದೆ ನೋಡಿ. ಆಡಿಯೋಗ್ರಾಂ (ಕಿವಿ ಪರೀಕ್ಷೆಯ ನಕ್ಷೆ) ಗೆರೆ 4,000 ಹರ್ಟ್ಸ್ ಸುತ್ತ ತಗ್ಗಿ ಮತ್ತೆ ಮೇಲೇರಿದ್ದರೆ ಅದು ಸಾಮಾನ್ಯವಾಗಿ ಸದ್ದಿನ ಗುರುತು. ಬರೀ ವಯಸ್ಸಿನದ್ದಾದರೆ ಇಳಿಯುತ್ತಲೇ ಹೋಗುತ್ತೆ.

ಇದ್ಯಾವುದನ್ನೂ ಕೇಳದೆ ಸುಮ್ನೆ ಸಹಿ ಹಾಕಿ ಅನ್ನೋ ಸಾಲಿಸಿಟರ್ (ವಕೀಲ) ಬೇಡ.