ಶಾಸ್ತಾ ಪರ್ವತದ ಚಳಿಗಾಲದ ಫೋಟೋಗೆ ಬೆಳಗಿನ ಜಾವ ಬೇಡ, ಸಂಜೆಗೆ ಹೋಗಿ

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಿಂದ ರಾತ್ರಿ ಒಂದು ಗಂಟೆಗೆ ಹೊರಟು, ಸಿಸ್ಕಿಯೂ ಸರೋವರದ ದಡದಿಂದ ಉತ್ತರ ಕ್ಯಾಲಿಫೋರ್ನಿಯಾದ ಶಾಸ್ತಾ ಪರ್ವತದ ಸೂರ್ಯೋದಯ ಹಿಡಿದು, ಅದೇ ದಿನ ವಾಪಸ್ ಬರಬಹುದೇ, ಆಲ್ ವೀಲ್ ಡ್ರೈವ್ (ನಾಲ್ಕೂ ಗಾಲಿಗೆ ಎಂಜಿನ್ ಬಲ ಸಿಗುವ) ಕಾರಿಗೂ ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನ್ ಬೇಕೇ ಎಂದು ಕೇಳಿದ್ದೀರಿ. ನಾನು ಮೊದಲ ಸಲ ಹಾಕಿಕೊಂಡ ಯೋಜನೆಯೂ ಇದೇ. ಅದಕ್ಕೇ ನೇರವಾಗಿ ಹೇಳುತ್ತೇನೆ: ಸೂರ್ಯೋದಯ ಬಿಡಿ, ಒಂದೇ ದಿನದಲ್ಲಿ ಹೋಗಿಬರುವ ಯೋಚನೆಯನ್ನೂ ಬಿಡಿ. ಚೈನ್ ಮಾತ್ರ ಬೇಕೇ ಬೇಕು.

ಸೂರ್ಯೋದಯ ಯಾಕೆ ಬೇಡ ಅಂದರೆ, ಸಿಸ್ಕಿಯೂ ಸರೋವರ ಇರುವುದು ಪರ್ವತದ ನೈಋತ್ಯಕ್ಕೆ. ನೀವು ದಕ್ಷಿಣ ದಡದಲ್ಲಿ ನಿಂತು ಈಶಾನ್ಯಕ್ಕೆ ಮುಖ ಮಾಡಿದರೆ ನೀರಿನ ಆಚೆ ಶಿಖರ ಕಾಣುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಹುಟ್ಟುವುದು ಆಗ್ನೇಯಕ್ಕೆ, ಅಂದರೆ ನಿಮ್ಮ ಬಲಗಡೆಗೆ. ಆ ಬೆಳಕು ಬಲಭಾಗದ ಏಣನ್ನು ಸವರಿಕೊಂಡು ಹೋಗುತ್ತದೆಯೇ ಹೊರತು ನಿಮಗೆ ಎದುರಾಗಿರುವ ನೈಋತ್ಯ ಮುಖ ನೆರಳಿನಲ್ಲೇ ಇರುತ್ತದೆ. ಸಂಜೆ ಇದು ತಿರುಗುಮುರುಗು. ಸೂರ್ಯ ಮುಳುಗುವುದು ನೈಋತ್ಯಕ್ಕೆ, ಹೆಚ್ಚುಕಮ್ಮಿ ನಿಮ್ಮ ಬೆನ್ನ ಹಿಂದೆ. ಕೊನೆಯ ಬೆಳಕಷ್ಟೂ ಎದುರಿನ ಹಿಮದ ಮೇಲೆಯೇ ಬೀಳುತ್ತದೆ. ನೀವು ನೋಡಿ ಆಸೆಪಟ್ಟ ಗುಲಾಬಿ ಬಣ್ಣದ ಶಾಸ್ತಾ ಈ ದಡದ್ದೇ ಆಗಿದ್ದರೆ ಅದು ಸಂಜೆಯ ಚಿತ್ರ ಎಂದು ಧೈರ್ಯವಾಗಿ ಹೇಳಬಹುದು.

ಡಿಸೆಂಬರ್ ಮೂರನೇ ವಾರದಲ್ಲಿ ಅಲ್ಲಿ ಸೂರ್ಯಾಸ್ತ ಸುಮಾರು 4:40ಕ್ಕೆ, ಜನವರಿ ಕೊನೆಗೆ 5:20ರ ಆಸುಪಾಸು. ಸರೋವರದ ಪಶ್ಚಿಮಕ್ಕೆ ಎಡ್ಡಿ ಪರ್ವತದ ಸಾಲು ಇರುವುದರಿಂದ ನೀವು ನಿಂತ ದಡಕ್ಕೆ ಅದಕ್ಕಿಂತ ಬಹಳ ಮೊದಲೇ ನೆರಳು ಬರುತ್ತದೆ. ದಡ ಕಪ್ಪಾಯಿತೆಂದು ಟ್ರೈಪಾಡ್ ಮಡಚಬೇಡಿ. ಶಿಖರ 14,179 ಅಡಿ ಎತ್ತರದಲ್ಲಿದೆ, ನೀವು ನಿಂತಿರುವುದು ಸುಮಾರು 3,200 ಅಡಿಯಲ್ಲಿ. ಕೆಳಗೆ ಕತ್ತಲಾಗುತ್ತಿದ್ದರೂ ತುದಿಗೆ ಬೆಳಕು ಬೀಳುತ್ತಲೇ ಇರುತ್ತದೆ, ಬಣ್ಣ ಬರುವುದು ಆ ಕೊನೆಯ ನಿಮಿಷಗಳಲ್ಲೇ. ಮೂರೂಕಾಲರ ಹೊತ್ತಿಗೆ ಜಾಗ ಹಿಡಿದಿರಬೇಕು.

ಇನ್ನು ನನ್ನ ಒಂದಿಡೀ ಸಂಜೆಯನ್ನು ನುಂಗಿದ ತಪ್ಪಿನ ವಿಷಯ. ಇದನ್ನು ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಲೆನ್ಸ್, ಫಿಲ್ಟರ್ ಎಂದು ತಲೆಕೆಡಿಸಿಕೊಳ್ಳುವವರು ಇದನ್ನೇ ಮರೆಯುತ್ತಾರೆ. ದಡಕ್ಕೆ ನೆರಳು ಬಿದ್ದ ಮೇಲೆ ಶಿಖರಕ್ಕೆ ಬಣ್ಣ ಬರುವವರೆಗೆ ಒಂದಷ್ಟು ಹೊತ್ತು ಕಾಯಬೇಕಾಗುತ್ತದೆ. ಬೆರಳು ಮರಗಟ್ಟುತ್ತವೆ, ಕಾರಿನೊಳಗೆ ಹೀಟರ್ ಹಾಕಿ ಕೂರೋಣ ಅನ್ನಿಸುತ್ತದೆ. ಕೂತುಕೊಳ್ಳಿ, ಆದರೆ ಕ್ಯಾಮೆರಾ ಒಳಗೆ ತರಬೇಡಿ. ಅರ್ಧ ಗಂಟೆ ಹೊರಗಿದ್ದ ಲೆನ್ಸಿನ ಗಾಜು ಸೊನ್ನೆಗಿಂತ ಕೆಳಗಿಳಿದಿರುತ್ತದೆ. ಕಾರಿನೊಳಗೆ 22 ಡಿಗ್ರಿ ಬಿಸಿ, ಜೊತೆಗೆ ನಿಮ್ಮ ಉಸಿರಿನ ತೇವ, ಬೂಟಿಗೆ ಅಂಟಿದ ಹಿಮ ಕರಗಿದ ತೇವ. ಅಂಥ ಗಾಳಿಯಲ್ಲಿ ತೇವಾಂಶ ಐವತ್ತು ಶೇಕಡಾ ಇದ್ದರೂ ಸುಮಾರು 11 ಡಿಗ್ರಿಗಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೆ ನೀರು ಕಟ್ಟುತ್ತದೆ. ತಣ್ಣೀರು ತುಂಬಿದ ಲೋಟ ಹೊರಗಡೆ ಬೆವರಿದ ಹಾಗೆ ಗಾಜಿನ ಮೇಲೆ ಕ್ಷಣದಲ್ಲಿ ಹನಿ ಕೂರುತ್ತದೆ.

ಇಲ್ಲಿಗೆ ಮುಗಿದರೆ ಒರೆಸಿಕೊಳ್ಳಬಹುದಿತ್ತು. ಬಣ್ಣ ಬಂತೆಂದು ಅದೇ ಕ್ಯಾಮೆರಾ ಹಿಡಿದು ಹೊರಗೆ ಓಡಿದಾಗ ಆ ಹನಿ ಗಾಜಿನ ಮೇಲೆಯೇ ಹೆಪ್ಪುಗಟ್ಟುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಮಸಿ ಬಳಿದಂತೆ ಹರಡುತ್ತದೆ, ಬಾಯಿಂದ ಊದಿದರೆ ಉಸಿರಿನ ತೇವವೂ ಸೇರಿ ಇನ್ನೊಂದು ಪದರ ಮಂಜುಗಡ್ಡೆಯಾಗುತ್ತದೆ. ಜೂಮ್ ಲೆನ್ಸ್ ಆಗಿದ್ದರೆ ಇನ್ನೂ ಕಷ್ಟ. ಬಿಸಿ ಕಾರಿನೊಳಗೆ ಜೂಮ್ ತಿರುಗಿಸಿದರೆ ಅದು ತೇವದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಒಳಗಿನ ಗಾಜಿಗೆ ಕಟ್ಟಿದ ಮಬ್ಬನ್ನು ಆ ಸಂಜೆ ಯಾರೂ ಒರೆಸಲಾರರು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚಿತ್ರ ಮೃದುವಾಗಿ ಚೆನ್ನಾಗಿಯೇ ಕಾಣುತ್ತದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗಲೇ ಶಿಖರದ ಸುತ್ತ ಹಾಲು ಚೆಲ್ಲಿದ ಬಿಳುಪು ಕಾಣುವುದು.

ಹಾಗಾಗಿ ಕ್ಯಾಮೆರಾ ಚೀಲ ಇಡೀ ದಿನ ಡಿಕ್ಕಿಯಲ್ಲಿರಲಿ. ಎಸ್‌ಯುವಿಯಾದರೆ ಹೀಟರ್ ಗಾಳಿ ಡಿಕ್ಕಿಗೂ ಬರುತ್ತದೆ, ಆದ್ದರಿಂದ ಕೊನೆಯ ಅರ್ಧ ಗಂಟೆ ಹೀಟರ್ ಕಡಿಮೆ ಮಾಡಿ. ದಡ ತಲುಪಿದ ಕೂಡಲೇ ಕ್ಯಾಮೆರಾ ಹೊರತೆಗೆದು, ಲೆನ್ಸಿನ ಮುಂದಿನ ಹುಡ್ ಬಿಚ್ಚಿ, ಇಪ್ಪತ್ತು ನಿಮಿಷ ತಣಿಯಲು ಬಿಡಿ. ಬಿಸಿ ಲೆನ್ಸಿನಿಂದ ಏಳುವ ಗಾಳಿ ಹುಡ್ಡಿನೊಳಗೆ ಸಿಕ್ಕಿಕೊಂಡು ಅಲುಗಾಡಿದರೆ ದೂರದ ಶಿಖರ ಎಷ್ಟು ಫೋಕಸ್ ಮಾಡಿದರೂ ಚೂಪಾಗುವುದಿಲ್ಲ. ತಣಿದ ಮೇಲೆ ಮತ್ತೊಮ್ಮೆ ಫೋಕಸ್ ಮಾಡಿ. ಒಳಗೆ ಕೂರಲೇಬೇಕೆಂದರೆ ಬ್ಯಾಟರಿ ಮತ್ತು ಕಾರ್ಡ್ ಮಾತ್ರ ತೆಗೆದುಕೊಂಡು ಹೋಗಿ, ಕ್ಯಾಮೆರಾ ಹೊರಗೆ ಅಥವಾ ತಣ್ಣನೆಯ ಡಿಕ್ಕಿಯಲ್ಲೇ ಇರಲಿ. ಎಲ್ಲ ಮುಗಿದು ಹೋಟೆಲ್‌ಗೆ ಹೋಗುವಾಗ ಹೊರಗಿನ ಚಳಿಯಲ್ಲೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ, ಎರಡು ಗಂಟೆ ತೆರೆಯಬೇಡಿ. ನೀರು ಕಟ್ಟುವುದಿದ್ದರೂ ಚೀಲದ ಹೊರಗೆ ಕಟ್ಟುತ್ತದೆ. ಕಾರ್ಡನ್ನು ಮೊದಲೇ ತೆಗೆದಿಟ್ಟುಕೊಂಡರೆ ಕಾಯುವುದು ಕಷ್ಟವಾಗದು.

ಬ್ಯಾಟರಿ ಎರಡು ಇರಲಿ, ಒಂದು ಸ್ವೆಟರ್ ಒಳಗಿನ ಜೇಬಿನಲ್ಲಿ. ಚಳಿಗೆ ಖಾಲಿ ತೋರಿಸಿದ ಬ್ಯಾಟರಿ ಜೇಬಿನಲ್ಲಿ ಬೆಚ್ಚಗಾದರೆ ಇನ್ನಷ್ಟು ಹೊತ್ತು ಬರುತ್ತದೆ.

ಲೆನ್ಸ್ ಬಗ್ಗೆ: ಅಗಲ ನೋಟದ ವೈಡ್ ಲೆನ್ಸ್ ಬೇಡ. ದಡದಿಂದ ಶಿಖರ ಸುಮಾರು 18 ಕಿಲೋಮೀಟರ್ ದೂರ, ದಿಗಂತದಿಂದ ಹತ್ತು ಡಿಗ್ರಿಯಷ್ಟೇ ಮೇಲೆ. 16 ಅಥವಾ 20 ಎಂಎಂನಲ್ಲಿ ಅಷ್ಟು ದೊಡ್ಡ ಪರ್ವತ ಒಂದು ಗುಡ್ಡವಾಗಿಬಿಡುತ್ತದೆ. ಪೂರ್ಣ ಫ್ರೇಮ್ ಕ್ಯಾಮೆರಾದಲ್ಲಿ ಶಿಖರವೂ ಪ್ರತಿಬಿಂಬವೂ ಹಿಡಿಸಲು 35ರಿಂದ 50 ಎಂಎಂ ಸರಿ. ಪರ್ವತದ ಎಡ ಭುಜದ ಮೇಲಿನ ಶಾಸ್ತಿನಾ ಎಂಬ ಕಿರುಶಿಖರ ಸಹಿತ ಬರೀ ಶಿಖರ ಬೇಕಾದರೆ 100ರಿಂದ 200. ಫೋನ್ ಆದರೆ 1x ಬಿಟ್ಟು 2x ಬಳಸಿ.

ಹೊಳಪು, ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಮನೆಯಲ್ಲೇ ಇರಲಿ. ಅದು ಚೆನ್ನಾಗಿ ಕೆಲಸ ಮಾಡುವುದು ಸೂರ್ಯನಿಗೆ ಅಡ್ಡವಾಗಿ ನೋಡುವಾಗ. ಇಲ್ಲಿ ಸೂರ್ಯ ಬೆನ್ನ ಹಿಂದಿರುವುದರಿಂದ ಆಕಾಶಕ್ಕೆ ಏನೂ ಸಿಗುವುದಿಲ್ಲ, ತಿರುಗಿಸುವಾಗ ಪ್ರತಿಬಿಂಬ ಮಂಕಾಗುವ ಸಾಧ್ಯತೆ ಬೇರೆ. ಪ್ರತಿಬಿಂಬ ಹೇಗೂ ನಿಜವಾದ ಶಿಖರಕ್ಕಿಂತ ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ದುಪ್ಪಟ್ಟು) ಕಪ್ಪಾಗಿಯೇ ಇರುತ್ತದೆ. ಅದನ್ನು ಎಡಿಟ್ ಮಾಡುವಾಗ ಶಿಖರಕ್ಕಿಂತ ಬೆಳ್ಳಗೆ ಮಾಡಬೇಡಿ, ನೋಡಿದವರಿಗೆ ಎಲ್ಲೋ ಸುಳ್ಳಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಡೇಲೈಟ್‌ಗೆ ಕಟ್ಟಿಹಾಕಿ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಗುಲಾಬಿಯನ್ನು ದೋಷವೆಂದು ತಿಳಿದು ತೊಳೆದುಹಾಕುತ್ತದೆ. ಹಗಲಿನ ಹಿಮಕ್ಕೆ ಎಕ್ಸ್‌ಪೋಶರ್ ಒಂದು ಸ್ಟಾಪ್ ಹೆಚ್ಚಿಸಿ ಎನ್ನುವ ನಿಯಮವಿದೆಯಲ್ಲ, ಅದನ್ನು ಸಂಜೆ ಕಣ್ಣುಮುಚ್ಚಿ ಪಾಲಿಸಬೇಡಿ. ಕೆಳಗೆಲ್ಲ ನೆರಳು, ತುದಿ ಮಾತ್ರ ಹೊಳೆಯುತ್ತಿರುವಾಗ ಮೀಟರ್ ನೆರಳನ್ನು ಅಳೆದು ತುದಿಯನ್ನು ಸುಟ್ಟುಬಿಡುತ್ತದೆ. ಆರ್‌ಜಿಬಿ ಹಿಸ್ಟೋಗ್ರಾಮ್ (ಪ್ರತಿ ಬಣ್ಣದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಹಾಕಿ ಕೆಂಪು ಗೆರೆ ಬಲಗೋಡೆಗೆ ತಾಗುತ್ತಿದೆಯೇ ನೋಡಿ, ಮೊದಲು ಹಾರುವುದು ಕೆಂಪೇ. ಕ್ಯಾಮೆರಾ ಸಂಸ್ಕರಿಸದ ರಾ ಫೈಲ್‌ನಲ್ಲಿ, ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಫ್ರೇಮ್ ತೆಗೆದಿಟ್ಟುಕೊಂಡರೆ ಸಾಕು.

ಯಾವ ದಿನ? ಹಿಮಮಾರುತ ಮುಗಿದ ಮೇಲಿನ ಮೊದಲ ಅಥವಾ ಎರಡನೇ ನಿರ್ಮಲ ದಿನ. ಹಿಮ ಹೊಸದಿರುತ್ತದೆ, ಮರಗಳ ಮೇಲೂ ಉಳಿದಿರುತ್ತದೆ, ರಸ್ತೆಯೂ ತೆರೆದಿರುತ್ತದೆ. ಶಿಖರದ ಮೇಲೆ ಮಸೂರದಾಕಾರದ ಮೋಡ ಕೂತಿದ್ದರೆ ಅದೂ ಈ ಪರ್ವತದ ದೊಡ್ಡ ಆಕರ್ಷಣೆಯೇ. ಆದರೆ ಮೇಲೆ ಜೋರು ಗಾಳಿ ಇದೆ, ಹವೆ ಕೆಡಬಹುದು ಎಂಬ ಸೂಚನೆಯೂ ಅದೇ. ಅಂದು ನೀರು ಕದಡಿದ್ದರೆ ಪ್ರತಿಬಿಂಬ ಬಿಟ್ಟು ಉದ್ದ ಲೆನ್ಸಿಗೆ ಬದಲಾಗಿ. ದಡದ ತೆಳು ಮಂಜುಗಡ್ಡೆಯ ಮೇಲೆ ಮಾತ್ರ ಕಾಲಿಡಬೇಡಿ.

ಈಗ ರಸ್ತೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಮೌಂಟ್ ಶಾಸ್ತಾ ಊರಿಗೆ ಸುಮಾರು 275 ಮೈಲಿ. ಹೆದ್ದಾರಿ ಐ-80, ವಾಕವಿಲ್ ಹತ್ತಿರ ಐ-505, ಡನಿಗನ್‌ನಲ್ಲಿ ಐ-5. ಒಣ ರಸ್ತೆಯಲ್ಲಿ ನಾಲ್ಕೂವರೆ ಗಂಟೆ. ರಾತ್ರಿ ಹೊರಡಬೇಡಿ ಎನ್ನುವುದಕ್ಕೆ ಎರಡು ಕಾರಣ: ಸ್ಯಾಕ್ರಮೆಂಟೊ ಕಣಿವೆಯಲ್ಲಿ ಮಳೆಯಾದ ಮೇಲಿನ ಚಳಿಗಾಲದ ರಾತ್ರಿಗಳಲ್ಲಿ ನೆಲಕ್ಕೆ ಕವಿಯುವ ಟೂಲಿ ಮಂಜು, ಮತ್ತು ರೆಡ್ಡಿಂಗ್ ದಾಟಿದ ಮೇಲೆ ನದಿಕಣಿವೆಯ ನೆರಳಿನ ತಿರುವುಗಳಲ್ಲಿ, ಸೇತುವೆಗಳ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ. ಬೆಳಿಗ್ಗೆ ಏಳಕ್ಕೆ ಹೊರಟು ರೆಡ್ಡಿಂಗ್‌ನಲ್ಲಿ ಊಟ ಮಾಡಿ, ಟ್ಯಾಂಕ್ ತುಂಬಿಸಿ. ಅಲ್ಲಿಂದ ಉಳಿಯುವ 60 ಮೈಲಿ ಒಣಗಿದ್ದರೆ ಒಂದು ಗಂಟೆ, ಹಿಮ ಬಿದ್ದು ಚೈನ್ ನಿಯಂತ್ರಣ ಜಾರಿಯಲ್ಲಿದ್ದರೆ ವೇಗ ಗಂಟೆಗೆ 25-30 ಮೈಲಿಗೆ ಇಳಿಯುತ್ತದೆ. ಎರಡೂವರೆ ಗಂಟೆ ಇಟ್ಟುಕೊಳ್ಳಿ.

ನ್ಯಾವಿಗೇಶನ್‌ಗೆ ‘ಶಾಸ್ತಾ ಲೇಕ್’ ಎಂದು ಹಾಕಿದರೆ ಅದು ನಿಮ್ಮನ್ನು ರೆಡ್ಡಿಂಗ್ ಪಕ್ಕದ ದೊಡ್ಡ ಜಲಾಶಯಕ್ಕೋ ಅದೇ ಹೆಸರಿನ ಊರಿಗೋ ಒಯ್ಯುತ್ತದೆ. ‘ಲೇಕ್ ಸಿಸ್ಕಿಯೂ’ ಎಂದೇ ಹಾಕಿ. ಸೆಂಟ್ರಲ್ ಮೌಂಟ್ ಶಾಸ್ತಾ, 738ನೇ ಎಕ್ಸಿಟ್ ಇಳಿದು ಪಶ್ಚಿಮಕ್ಕೆ ತಿರುಗಿ, ಓಲ್ಡ್ ಸ್ಟೇಜ್ ರಸ್ತೆಯಿಂದ ಡಬ್ಲ್ಯು.ಎ. ಬಾರ್ ರಸ್ತೆ ಹಿಡಿದರೆ ಬಾಕ್ಸ್ ಕ್ಯಾನ್ಯನ್ ಅಣೆಕಟ್ಟಿನ ಮೇಲೆಯೇ ದಾಟುತ್ತೀರಿ. ಆಮೇಲೆ ಬಲಕ್ಕೆ ಸಿಗುವುದೇ ನಿಮಗೆ ಬೇಕಾದ ದಡ. ಅಲ್ಲಿಂದ ಮೇಲೆ ಹೋಗುವ ಕ್ಯಾಸಲ್ ಸರೋವರಕ್ಕೆ ಈ ಚಿತ್ರಕ್ಕಾಗಿ ಹೋಗಬೇಡಿ, ಅದರ ದಡದಿಂದ ನೀರಿನ ಆಚೆ ಶಾಸ್ತಾ ಸಿಗುವುದಿಲ್ಲ.

ಚೈನ್ ನಿಯಮ ಹೀಗಿದೆ. ಹಿಮ ಬಿದ್ದಾಗ ಆರ್-1, ಆರ್-2, ಆರ್-3 ಎಂದು ಬಿಗಿಯಾಗುತ್ತ ಹೋಗುವ ಮೂರು ಹಂತಗಳಿವೆ. ಆರ್-1 ಇದ್ದರೆ ಆಲ್ ವೀಲ್ ಡ್ರೈವ್‌ಗೆ ಚೈನ್ ಹಾಕದೆ ಬಿಡುತ್ತಾರೆ. ಆರ್-2 ಇದ್ದರೆ ನಾಲ್ಕೂ ಟೈರ್ ಹಿಮದ ಟೈರ್ ಆಗಿರಬೇಕು, ಅಂದರೆ ಬದಿಯಲ್ಲಿ ‘ಎಂ+ಎಸ್’ ಗುರುತೋ ಪರ್ವತ-ಹಿಮಹರಳಿನ ಗುರುತೋ ಇರಬೇಕು, ಕನಿಷ್ಠ 6/32 ಇಂಚು ಆಳ ಉಳಿದಿರಬೇಕು. ಹಾಕದಿದ್ದರೂ ಚೈನ್ ಕಾರಿನಲ್ಲಿ ಇರಲೇಬೇಕು. ಆರ್-3 ಅಂದರೆ ಎಲ್ಲರಿಗೂ ಚೈನ್. ಹೊರಡುವ ಮುನ್ನ ರಸ್ತೆಯ ಸ್ಥಿತಿ ತಿಳಿಯಲು ರಾಜ್ಯದ ರಸ್ತೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್ ನೋಡಿ. ಆಲ್ ವೀಲ್ ಡ್ರೈವ್ ಕಾರನ್ನು ಹೊರಡಿಸಲು ನೆರವಾಗುತ್ತದೆ, ನಿಲ್ಲಿಸಲು ಅಲ್ಲ. ಬ್ರೇಕ್ ಒತ್ತಿದಾಗ ನಿಮಗೂ ಪಕ್ಕದ ಸಣ್ಣ ಕಾರಿಗೂ ಇರುವುದು ಅದೇ ಟೈರಿನ ಹಿಡಿತ.

ಟೈರಿನ ಬದಿಯಲ್ಲಿ 225/65ಆರ್17 ಎಂಬಂಥ ಅಂಕಿ ಇರುತ್ತದೆ, ಅದಕ್ಕೆ ಸರಿಯಾಗಿ ಹೊಂದುವ ಕೇಬಲ್ ಚೈನ್ ಊರಲ್ಲೇ ಕೊಳ್ಳಿ. ಯಾವ ಗಾಲಿಗೆ ಹಾಕಬೇಕು, ದಪ್ಪ ಚೈನ್‌ಗೆ ಜಾಗವಿದೆಯೇ ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಬಾಡಿಗೆ ಕಾರಾದರೆ ಒಪ್ಪಂದದಲ್ಲಿ ಚೈನ್‌ಗೆ ಅನುಮತಿ ಇದೆಯೇ ಓದಿಕೊಳ್ಳಿ. ಮನೆಯ ಮುಂದೆ ಒಣ ನೆಲದಲ್ಲಿ ಒಮ್ಮೆ ಹಾಕಿ ತೆಗೆಯಿರಿ: ಗಾಲಿಯ ಮೇಲೆ ಹರಡಿ, ಒಳಬದಿಯ ಕೊಕ್ಕೆ ಮೊದಲು, ಹೊರಬದಿಯದು ಆಮೇಲೆ, ಬಿಗಿ ಮಾಡಿ. ಹಿಮದ ರಸ್ತೆಯಲ್ಲಿ ಹಾಕಿದಾಗ ಸ್ವಲ್ಪ ದೂರ ಹೋಗಿ ನಿಲ್ಲಿಸಿ ಮತ್ತೆ ಬಿಗಿಮಾಡಬೇಕು, ಮೊದಲ ಸುತ್ತುಗಳಲ್ಲೇ ಅದು ಸಡಿಲವಾಗುತ್ತದೆ. ಸಡಿಲ ಕೇಬಲ್ ಬ್ರೇಕ್ ಪೈಪಿಗೆ ಬಡಿಯುತ್ತದೆ. ಉಣ್ಣೆ ಗ್ಲೌಸ್ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್, ಮೊಣಕಾಲಿಗೆ ಒಂದು ಹಳೆಯ ಚಾಪೆ, ತಲೆಗೆ ಕಟ್ಟುವ ಟಾರ್ಚ್ ಜೊತೆಗಿರಲಿ. ಒಣ ಡಾಂಬರು ಬಂದ ಕೂಡಲೇ ಬಿಚ್ಚಿ.

ರಾತ್ರಿ ಮೌಂಟ್ ಶಾಸ್ತಾದಲ್ಲೋ ಡನ್ಸ್‌ಮ್ಯೂರ್‌ನಲ್ಲೋ ಉಳಿಯಿರಿ. ಸೂರ್ಯೋದಯವೂ ಬೇಕೇ ಬೇಕೆಂದರೆ ಮರುದಿನ ಬೆಳಿಗ್ಗೆ ಹೈವೇ 89 ಹಿಡಿದು ಹತ್ತು ಮೈಲಿ ಆಚೆಯ ಮೆಕ್ಲೌಡ್ ಕಡೆ ಹೋಗಿ. ಅಲ್ಲಿಂದ ಕಾಣುವುದು ಪರ್ವತದ ದಕ್ಷಿಣದ ಮುಖ, ಆಗ್ನೇಯದ ಬೆಳಕು ಅದಕ್ಕೆ ಚೆನ್ನಾಗಿ ಬೀಳುತ್ತದೆ. ಸರೋವರವಿಲ್ಲ, ಮುನ್ನೆಲೆಗೆ ಪೈನ್ ಮರಗಳಿವೆ. ನಡುವೆ 4,400 ಅಡಿ ಮೀರುವ ಒಂದು ಏರು ಬರುತ್ತದೆ, ಐ-5 ಒಣಗಿದ್ದರೂ ಅಲ್ಲಿ ಚೈನ್ ಕೇಳಬಹುದು. ವಾಪಸ್ ಹೊರಡುವುದು ಹತ್ತು ಗಂಟೆಯ ಮೇಲೆ, ಬಿಸಿಲು ಕಣಿವೆಗೆ ಇಳಿದ ಮೇಲೆ.