ಬರ್ಮಾ ತೇಗದ ದಿಮ್ಮಿ ಈಗಲೂ ಬರುತ್ತದೆಯೇ?

ಮನೆ ಬಾಗಿಲಿಗೆ ಮರ ಕೇಳಲು ಹೋದಾಗ "ಬರ್ಮಾ ಟೀಕ್ ದಿಮ್ಮಿ ಬಂದಿದೆ, ಕೊಯ್ಸಿ ಕೊಡ್ತೀವಿ" ಅಂದರು, ಆದರೆ ಮ್ಯಾನ್ಮಾರ್‌ನಿಂದ ಆಮದು ನಿಂತಿದೆ ಅಂತ ಓದಿದ್ದೆ, ಯಾವುದು ನಿಜ ಅಂತ ಕೇಳಿದ್ದೀರಿ. ಸಾ ಮಿಲ್ ಕೆಲಸದಲ್ಲೇ ಇಪ್ಪತ್ತು ವರ್ಷ ಕಳೆದವನು ನಾನು, ಗೊತ್ತಿರುವಷ್ಟು ಹೇಳುತ್ತೇನೆ.

ದಿಮ್ಮಿ ಬರುವುದಿಲ್ಲ. 2014ರ ಏಪ್ರಿಲ್ 1ರಿಂದ ಮ್ಯಾನ್ಮಾರ್ ಸರ್ಕಾರ ಇಡೀ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿತು. ಅಲ್ಲೇ ಕೊಯ್ದು ಸೈಜು ಮಾಡಿದ ಮರ ಮಾತ್ರ ಹೊರಗೆ ಬರಬಹುದು, ಅದು ಈಗಲೂ ಸ್ವಲ್ಪ ಬರುತ್ತದೆ. ಹಾಗಾಗಿ ಯಾರಾದರೂ ಹೊಸದಾಗಿ ಬಂದ ದಿಮ್ಮಿ ತೋರಿಸಿ ಇದು ಬರ್ಮಾ ಅಂದರೆ ಒಪ್ಪಬೇಡಿ.

ಯಾಕೆ ನಿಲ್ಲಿಸಿದರು ಅಂದರೆ, ಕಾಡು ಬೇಗ ಬೇಗ ಕರಗುತ್ತಿತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ 2010ರಿಂದ 2015ರವರೆಗೆ ಆ ದೇಶ ವರ್ಷಕ್ಕೆ ಸುಮಾರು 5.46 ಲಕ್ಷ ಹೆಕ್ಟೇರ್ ಕಾಡು ಕಳೆದುಕೊಂಡಿತು. ಬ್ರೆಜಿಲ್, ಇಂಡೋನೇಷ್ಯಾ ಬಿಟ್ಟರೆ ಅದೇ ಜಾಸ್ತಿ. ಕೊಯ್ಯುವ ಕೆಲಸವಾದರೂ ತಮ್ಮ ದೇಶದವರಿಗೆ ಸಿಗಲಿ ಅನ್ನುವ ಲೆಕ್ಕಾಚಾರವೂ ಅವರಿಗಿತ್ತು. ಆ ದಿಮ್ಮಿಗಳ ದೊಡ್ಡ ಗಿರಾಕಿ ನಾವೇ ಆಗಿದ್ದೆವು. ನಮ್ಮಲ್ಲಿ 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗೋದಾವರ್ಮನ್ ಕೇಸಿನಲ್ಲಿ ಕಾಡಿನ ಮರ ಕಡಿಯುವುದಕ್ಕೆ ಕಡಿವಾಣ ಹಾಕಿತು, ಆದರೆ ಮನೆ ಕಟ್ಟುವುದು ಮಾತ್ರ ಕಡಿಮೆಯಾಗಲಿಲ್ಲ, ಹಾಗಾಗಿ ಹೊರಗಿನಿಂದ ತರುವುದು ಏರುತ್ತಾ ಹೋಯಿತು. ನಮ್ಮ ಕಾಡು ಉಳಿಸಲು ಪಕ್ಕದವರ ಕಾಡಿಗೆ ಕೈ ಹಾಕಿದ ಹಾಗಾಯಿತು, ಇದು ನನಗೆ ಇವತ್ತಿಗೂ ಬೇಸರದ ವಿಷಯ.

ಬರ್ಮಾ ಮರಕ್ಕೆ ಅಷ್ಟು ಒಳ್ಳೇ ಹೆಸರು ಸುಮ್ನೆ ಬಂದಿದ್ದಲ್ಲ. ಕಾಡಿನಲ್ಲಿ ತಾನಾಗಿ ನಿಧಾನಕ್ಕೆ ಬೆಳೆದ ಮರ ಅದು. ಕಡಿಯುವ ಮೊದಲು ಬುಡದ ಸುತ್ತ ತೊಗಟೆ, ಅದರ ಒಳಗಿನ ಮೆತ್ತನೆ ಬಿಳಿ ಭಾಗ ಎರಡನ್ನೂ ಕೊಚ್ಚಿ ಎರಡು ಮೂರು ವರ್ಷ ನಿಂತಲ್ಲೇ ಒಣಗಲು ಬಿಡುತ್ತಿದ್ದರು. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ, ಒಣಗಿದ್ದು ತೇಲುತ್ತದೆ. ಆಮೇಲೆ ಆನೆಗಳು ಹೊಳೆಯವರೆಗೆ ಎಳೆದು ತರುತ್ತಿದ್ದವು, ಅಲ್ಲಿಂದ ತೆಪ್ಪ ಕಟ್ಟಿ ಐರಾವತಿ ನದಿಯಲ್ಲಿ ಕೆಳಗೆ ಬಿಡುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರುತ್ತಿದ್ದ ದಿಮ್ಮಿಗಳ ತುದಿಯಲ್ಲಿ ಸುತ್ತಿಗೆ ಮುದ್ರೆ ಇರುತ್ತಿತ್ತು. ಬ್ಲೇಡು ಇಳಿದ ಕೂಡಲೇ ಎಣ್ಣೆ ಹಚ್ಚಿದ ಚರ್ಮದಂಥ ವಾಸನೆ ಶೆಡ್ ತುಂಬಾ ಹರಡುತ್ತಿತ್ತು.

2014ರ ನಂತರ ಆ ಜಾಗಕ್ಕೆ ಬಂದದ್ದು ಘಾನಾ, ತಾಂಜಾನಿಯಾ, ಈಕ್ವೆಡಾರ್, ಕೋಸ್ಟರಿಕಾ, ಪನಾಮಾ, ಬ್ರೆಜಿಲ್ ತೇಗ. ತೇಗದ ಜಾತಿ ಒಂದೇ, ಆದರೆ ಇವೆಲ್ಲ ನೆಟ್ಟು ಬೆಳೆಸಿದ ತೋಪಿನ ಮರ, ಹೆಚ್ಚಿನವನ್ನು ಹದಿನೈದು ಇಪ್ಪತ್ತೈದು ವರ್ಷಕ್ಕೇ ಕಡಿದಿರುತ್ತಾರೆ. ಗುಜರಾತಿನ ಕಾಂಡ್ಲಾ ಬಂದರಿನ ಪಕ್ಕದ ಗಾಂಧಿಧಾಮ್ ಈ ವ್ಯಾಪಾರದ ದೊಡ್ಡ ಕೇಂದ್ರ. ದಿಮ್ಮಿಗಳು ಅಲ್ಲಿ ಕೊಯ್ದು ಸೈಜಾಗಿ ದೇಶವೆಲ್ಲ ಹಂಚಿಹೋಗುತ್ತವೆ. ನಮ್ಮ ಕಡೆ ಬರುವ ಹೊತ್ತಿಗೆ ದೇಶದ ಹೆಸರು ಕಳೆದು "ಬರ್ಮಾ" ಅಂತ ಆಗಿರುತ್ತದೆ.

ವ್ಯತ್ಯಾಸ ಎಲ್ಲಿ ಗೊತ್ತಾಗುತ್ತದೆ ಅಂದರೆ ಅಳತೆಯಲ್ಲಿ. ನಾವು ದಿಮ್ಮಿಯ ನಡುವೆ ಟೇಪು ಸುತ್ತಿ, ಬಂದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುತ್ತೇವೆ. 6 ಅಡಿ ಸುತ್ತಳತೆ, 10 ಅಡಿ ಉದ್ದದ ಒಂದು ಹಳೇ ದಿಮ್ಮಿ ಅಂದರೆ 22.5 ಸಿಎಫ್‌ಟಿ, ಅಂದರೆ ಘನ ಅಡಿ. 3 ಅಡಿ ಸುತ್ತಳತೆ, 8 ಅಡಿ ಉದ್ದದ ತೋಪಿನ ದಿಮ್ಮಿ ಬರೀ 4.5. ಅಂದರೆ ಅಂಥ ಐದು ದಿಮ್ಮಿ ಸೇರಿದರೆ ಹಳೇದೊಂದು. ಲೆಕ್ಕಕ್ಕೆ ಎರಡೂ ಒಂದೇ, ಆದರೆ ಐದು ದಿಮ್ಮಿಗೆ ಐದು ನಡುದಿಂಡು (ನಡುವಿನ ಮೆತ್ತನೆ ತಿರುಳು), ಐದು ಸುತ್ತು ಹುಳು ಹಿಡಿಯುವ ಬಿಳಿ ಮರ. ಹಾಗಾಗಿ ಚೌಕಟ್ಟಿನ ಒಂದಲ್ಲ ಒಂದು ಮೂಲೆಯಲ್ಲಿ ಬಿಳಿ ಬಂದೇ ಬರುತ್ತದೆ. ನಮ್ಮ ಅಕ್ಕನ ಮನೆಗೆ ನಾನು ಊರಲ್ಲಿಲ್ಲದಾಗ ಬರ್ಮಾ ಅಂತ ಕೊಟ್ಟ ಚೌಕಟ್ಟಿನಲ್ಲಿ ಹಾಗೇ ಆಯಿತು. ಕಂದು ಬಣ್ಣ ಬಳಿದು ಬಿಳಿ ಭಾಗ ಮುಚ್ಚಿದ್ದರು. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಹುಳು ಕೊರೆದು ಹೊಸ್ತಿಲ ಮೇಲೆ ಹಿಟ್ಟು ಉದುರತೊಡಗಿತು. ಅಕ್ಕ ದಿನಾ ಬೆಳಿಗ್ಗೆ ಅದನ್ನು ಗುಡಿಸಿಯೇ ರಂಗೋಲಿ ಹಾಕಬೇಕಾಗಿತ್ತು.

ಹಾಗಂತ ತೋಪಿನ ತೇಗ ಕೆಟ್ಟದ್ದಲ್ಲ. ಬಿಳಿ ತೆಗೆದು, ಚೆನ್ನಾಗಿ ಒಣಗಿಸಿ, ಅದರ ಬೆಲೆಗೆ ಕೊಟ್ಟರೆ ಮನೆ ಬಾಗಿಲಿಗೆ ಧಾರಾಳವಾಗಿ ಸಾಕು. ಬರ್ಮಾ ಬೆಲೆಗೆ ಕೊಡುವುದೇ ತಪ್ಪು.

ಇನ್ನು ಕೊಯ್ದು ಬರುವ ನಿಜವಾದ ಬರ್ಮಾ ಮರದ ವಿಷಯ. ಅಲ್ಲಿ ತೇಗ ಮಾರುವುದು ಸರ್ಕಾರಿ ಸಂಸ್ಥೆ. 2021ರ ಫೆಬ್ರವರಿಯಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಅಮೆರಿಕ ಏಪ್ರಿಲ್‌ನಲ್ಲಿ, ಯುರೋಪ್ ಒಕ್ಕೂಟ ಜೂನ್‌ನಲ್ಲಿ ಆ ಸಂಸ್ಥೆಯ ಮೇಲೆ ನಿರ್ಬಂಧ ಹಾಕಿದವು. ಭಾರತ ಹಾಕಿಲ್ಲ, ಆದ್ದರಿಂದ ತರುವುದು ಕಾನೂನಿನ ಪ್ರಕಾರ ತಪ್ಪಲ್ಲ. ಆದರೆ ಆ ದುಡ್ಡು ಯಾರ ಕೈಗೆ ಹೋಗುತ್ತದೆ ಅಂತ ಯೋಚಿಸಿದರೆ ನನಗೆ ಮನಸ್ಸಾಗುವುದಿಲ್ಲ. ನನ್ನನ್ನು ಕೇಳುವವರಿಗೆ ಘಾನಾದ್ದೋ ನಮ್ಮ ಅರಣ್ಯ ಇಲಾಖೆಯ ಡಿಪೋ ಹರಾಜಿನದ್ದೋ ತಗೊಳ್ಳಿ ಅಂತಲೇ ಹೇಳುತ್ತೇನೆ. ದಾಂಡೇಲಿ ಮರ ನೋಡಿದ್ದೀರಾ? ಒಮ್ಮೆ ನೋಡಿ.

ನೀವು ಅಂಗಡಿಗೆ ಹೋದಾಗ ಬಿಲ್‌ನಲ್ಲಿ ಮರದ ದೇಶದ ಹೆಸರು ಬರೆಸಿಕೊಳ್ಳಿ. ಬರೆಯಲು ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ಬಣ್ಣ ಬಳಿಯುವ ಮೊದಲೇ, ಹೊಸದಾಗಿ ಹತ್ರಿ ಹೊಡೆಸಿ ನಾಲ್ಕೂ ಮೂಲೆ ನೋಡಿ. ತೇವಾಂಶದ ಮೀಟರ್ ಇಡಿಸಿ, ಶೇಕಡಾ 12ರ ಆಸುಪಾಸು ಇದ್ದರೆ ಸರಿ, 20 ತೋರಿಸಿದರೆ ಇನ್ನೂ ಹಸಿ, ಬಾಗಿಲು ಸೊಟ್ಟಗಾಗುತ್ತದೆ. ಫೋಟೋ ಹಾಕುವುದಾದರೆ ಮರದ ಕೊಯ್ದ ತುದಿಯದ್ದು ಹಾಕಿ, ಮೈಯದ್ದಲ್ಲ. ತುದಿ ಕಂಡರೆ ಉಂಗುರ ಎಷ್ಟು ಒತ್ತಾಗಿದೆ, ಬಿಳಿ ಎಷ್ಟಿದೆ ಅಂತ ನೋಡಿ ಹೇಳುತ್ತೇನೆ.